80 ಹರ್ಟ್ಸ್‌ನ ಇಳಿಜಾರು

ತಗ್ಗು ದನಿಗೆಂದೇ ಇರುವ ಪೆಟ್ಟಿಗೆ ಸಬ್‌ವೂಫರ್. ಅದು ಯಾವ ಆವರ್ತನದವರೆಗೆ ನುಡಿಯಬೇಕೆಂದು ಹೇಳುವ ನಾಬ್ ಅನ್ನು 80 ಹರ್ಟ್ಸ್‌ಗೆ ಇಟ್ಟರೆ 81ನೆಯದು ಬಾಗಿಲಾಚೆಯೇ ನಿಂತುಬಿಡುತ್ತದೆ ಎಂದು ನಂಬಿದವರು ಬಹಳ. ನಾಬಿನ ಹಿಂದಿರುವ ಫಿಲ್ಟರ್ ಹಾಗೆ ಕತ್ತರಿಸುವುದಿಲ್ಲ, ಇಳಿಜಾರಿನಂತೆ ಜಾರುತ್ತದೆ. ಆಕ್ಟೇವ್‌ಗೆ, ಎಂದರೆ ಆವರ್ತನ ಇಮ್ಮಡಿಯಾದಾಗಲೊಮ್ಮೆ, 12 ಡೆಸಿಬೆಲ್ ಇಳಿಯುವ ಫಿಲ್ಟರ್ 160 ಹರ್ಟ್ಸ್ ಅನ್ನೂ 12 ಡೆಸಿಬೆಲ್ ತಗ್ಗಿಸಿ ಕೇಳಿಸುತ್ತಲೇ ಇರುತ್ತದೆ. ನಾಬ್ 120 ದಾಟಿದಾಗ ಗಾಯಕನ ದಪ್ಪ ದನಿ ಮೂಲೆಯ ಪೆಟ್ಟಿಗೆಯಿಂದ ಬರತೊಡಗುವುದು ಇದರಿಂದಲೇ.

ಅಂದರೆ 80ರ ಆಸುಪಾಸಿನಲ್ಲಿ ಸಬ್ಬೂ ಸ್ಪೀಕರೂ ಒಟ್ಟಿಗೆ ಹಾಡುತ್ತಿರುತ್ತವೆ. ಜೋಕಾಲಿಯನ್ನು ಇಬ್ಬರು ತಳ್ಳುವಾಗ ಒಬ್ಬ ಅರ್ಧ ಸುತ್ತು ತಡಮಾಡಿದರೆ ಅದು ನಿಂತೇಹೋಗುತ್ತದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆದಂತೆ. 80 ಹರ್ಟ್ಸ್‌ನ ಅಲೆ ಸುಮಾರು 4.3 ಮೀಟರ್ ಉದ್ದ. ಸಬ್ 2.15 ಮೀಟರ್ ಹಿಂದಿದ್ದರೆ ನಿಮ್ಮ ಕಿವಿಯ ಬಳಿ ಅದರ ಅಲೆ ಉಬ್ಬುವಾಗ ಸ್ಪೀಕರಿನದು ತಗ್ಗುತ್ತದೆ. ಆಗ ಬೇಸ್ ಸಾಲದೆಂದು ವಾಲ್ಯೂಮ್ ಏರಿಸುತ್ತಾರೆ. 40 ಹರ್ಟ್ಸ್ ಗುಮ್ಮೆನ್ನುತ್ತದೆ, 80ರ ಹಳ್ಳ ಹಳ್ಳವಾಗಿಯೇ ಉಳಿಯುತ್ತದೆ.

ಅಲೆ ಏರಿಳಿತದ ಯಾವ ಹಂತದಲ್ಲಿದೆ ಎಂಬುದೇ ಫೇಸ್. ಫಿಲ್ಟರ್ ತಾನೂ ಅದನ್ನು ತಿರುಗಿಸುತ್ತದೆ. ಹ್ಯೂಲೆಟ್ ಪ್ಯಾಕರ್ಡ್‌ನಲ್ಲಿದ್ದ ಸೀಗ್‌ಫ್ರೀಡ್ ಲಿಂಕ್‌ವಿಟ್ಸ್ 1976ರಲ್ಲಿ ಸಹೋದ್ಯೋಗಿ ರಸ್ ರೈಲಿಯ ಹೊಳಹನ್ನು ಬಳಸಿ ಬರೆದ ಪ್ರಬಂಧದ ಸೊಗಸು ಇಲ್ಲಿದೆ: ಬಟರ್‌ವರ್ತ್ ಎಂಬ ಬಗೆಯ ಎರಡು ಫಿಲ್ಟರ್‌ಗಳನ್ನು ಒಂದರ ಹಿಂದೊಂದು ಜೋಡಿಸಿದರೆ ಕ್ರಾಸ್‌ಓವರ್ ಬಿಂದುವಿನಲ್ಲಿ, ಎಂದರೆ ಸದ್ದು ಸಬ್ಬಿನಿಂದ ಸ್ಪೀಕರಿಗೆ ಹೊರಳುವ ಆವರ್ತನದಲ್ಲಿ, ಎರಡೂ ಬದಿ 6 ಡೆಸಿಬೆಲ್ ಇಳಿದು ಒಂದೇ ಫೇಸ್‌ನಲ್ಲಿ ಸಂಧಿಸುತ್ತವೆ. ಅರ್ಧಕ್ಕೆ ಅರ್ಧ ಕೂಡಿ ಒಂದು.

ಸಬ್ಬಿಗೂ ಸ್ಪೀಕರಿಗೂ ಸದ್ದು ಹಂಚುವ ರಿಸೀವರ್‌ನಲ್ಲೇ ಕ್ರಾಸ್‌ಓವರ್ ಇದ್ದರೆ ಸಬ್ಬಿನ ನಾಬ್ ಅನ್ನು ಗರಿಷ್ಠಕ್ಕೆ ಅಥವಾ ಅದರ ಫಿಲ್ಟರನ್ನೇ ಬದಿಗಿಡುವ ಬೈಪಾಸ್‌ಗೆ ಒಯ್ಯಿರಿ. ಎರಡು ಫಿಲ್ಟರ್ ಮೇಲೆ ಮೇಲೆ ಕೂತರೆ ಈ ಲೆಕ್ಕ ಕೆಡುತ್ತದೆ. ಸ್ಪೀಕರ್ 55–60 ಹರ್ಟ್ಸ್‌ವರೆಗೆ ಇಳಿಯುವುದಾದರೆ 80 ಸರಿ. ಒಂದು ಆಕ್ಟೇವ್ ಕೆಳಗೆ ಅಷ್ಟೇ ಸದ್ದಿಗೆ ಕೋನ್ ನಾಲ್ಕು ಪಟ್ಟು ಚಲಿಸಬೇಕು. ಐದಿಂಚಿನ ವೂಫರ್‌ಗೆ ಆ ಹೊರೆ ತಪ್ಪುವುದೇ ದೊಡ್ಡ ಲಾಭ. ಹೈಪಾಸ್ (ಸ್ಪೀಕರಿಗೆ ತಗ್ಗು ಆವರ್ತನ ಹೋಗದಂತೆ ತಡೆಯುವ ಫಿಲ್ಟರ್) ಇಲ್ಲದ ಸ್ಟೀರಿಯೋ ಆಂಪ್ಲಿಫೈಯರ್ ಆದರೆ ಸ್ಪೀಕರ್ ಸೋಲುವಲ್ಲಿ, ಎಂದರೆ 50ರ ಹತ್ತಿರ, ಸಬ್ ಶುರುವಾಗಲಿ. ಇಲ್ಲದಿದ್ದರೆ 60ರಿಂದ 100 ಇಮ್ಮಡಿಯಾಗಿ ದನಿ ಮಂದವಾಗುತ್ತದೆ.

ಫೇಸ್ ಹೊಂದಿಸಲು ಕ್ರಾಸ್‌ಓವರ್ ಆವರ್ತನದ ಟೋನ್ ಹಾಕಿ, ಸಬ್ಬಿನ ಪೊಲಾರಿಟಿ ತಿರುಗಿಸಿ (ಅದರ ಅಲೆ ತಲೆಕೆಳಗಾಗುತ್ತದೆ), ಕೂರುವ ಜಾಗದಲ್ಲೇ ಕೂತು ಸದ್ದು ಅತಿ ಕಡಿಮೆಯಾಗುವವರೆಗೆ ಇನ್ನೊಬ್ಬರಿಂದ ಫೇಸ್ ನಾಬ್ ತಿರುಗಿಸಿ. ಆಮೇಲೆ ಪೊಲಾರಿಟಿ ಮರಳಿಸಿ. ಕನಿಷ್ಠವನ್ನು ಹುಡುಕುವುದೇಕೆ? ಶಿಖರ ಅಗಲ, ಕಣಿವೆ ಚೂಪು. ಕಿವಿಗೆ ಎರಡನೆಯದೇ ಸುಲಭ. ರಿಸೀವರ್‌ನಲ್ಲಾದರೆ ಸಬ್ಬಿನ ದೂರವನ್ನು 30 ಸೆಂಟಿಮೀಟರ್‌ನಂತೆ ಬದಲಿಸಿ. 80 ಹರ್ಟ್ಸ್‌ನಲ್ಲಿ ಅದು 25 ಡಿಗ್ರಿ. ರಿಸೀವರ್ ತಾನಾಗಿ ಅಳೆದ ದೂರ ಟೇಪಿನ ಅಳತೆಗಿಂತ ಹೆಚ್ಚಿದ್ದರೆ ಗಾಬರಿ ಬೇಡ, ಸಬ್ಬಿನೊಳಗಿನ ವಿಳಂಬವೂ ಅದರಲ್ಲಿ ಸೇರಿದೆ.

ಫೇಸಿನ ಯಾವ ಕೋನದಲ್ಲೂ ಸದ್ದು ಏರದಿದ್ದರೆ ತಪ್ಪು ಕೋಣೆಯದು. 4.3 ಮೀಟರ್ ಉದ್ದದ ಕೋಣೆಯಲ್ಲಿ ಗೋಡೆಯಿಂದ ಕಾಲುಭಾಗ ದೂರದಲ್ಲಿ 80 ಹರ್ಟ್ಸ್ ಬಹುತೇಕ ಮಾಯ. ಕುರ್ಚಿಯನ್ನು ಅರ್ಧ ಮೀಟರ್ ಸರಿಸಿ ಮತ್ತೆ ಕೇಳಿ. ಸಬ್ಬಿನ ವಾಲ್ಯೂಮ್ ಮುಟ್ಟುವುದು ಕಟ್ಟಕಡೆಗೆ. ಮೊದಲೇ ಏರಿಸಿದ್ದರೆ ಈಗ ಇಳಿಸಬೇಕಾದೀತು.