ನಕ್ಷೆಯಲ್ಲಿರುವ ಸೊನ್ನೆ ಯಾವ ಕಾಲದ್ದು?

ಮೂಡಿಗೆರೆ, ಸಕಲೇಶಪುರ, ಹಾಸನದ ಕಡೆಯವರು ಮಂಗಳೂರು, ಉಡುಪಿಯಲ್ಲಿ ಸೈಟು ನೋಡುವುದು ಹೊಸದಲ್ಲ. ಮಕ್ಕಳ ಓದು ಅಲ್ಲಿ, ಆಸ್ಪತ್ರೆ ಅಲ್ಲಿ, ನಮ್ಮ ಕಾಫಿ ಹಡಗು ಹತ್ತುವುದೂ ಪಣಂಬೂರಿನಲ್ಲೇ. ಹಾಗಾಗಿ ಹಾಸನದಲ್ಲಿ ಲೆವೆಲ್ ಸರ್ವೆ, ಮನೆ ನಕ್ಷೆ ಮಾಡಿಕೊಡುವ ನನ್ನ ಟೇಬಲ್ಲಿಗೂ ಆ ಕಡೆಯ ಲೇಔಟ್ ನಕ್ಷೆಗಳು ಬರುತ್ತವೆ. ಮೊನ್ನೆ ಮೂಡಿಗೆರೆಯ ತೋಟದ ಹಿರಿಯರೊಬ್ಬರು ಒಂದನ್ನು ಹಿಡಿದು ಬಂದಿದ್ದರು. ಹೊಳೆಗೂ ಹತ್ತಿರ, ಕಡಲಿಗೂ ಹತ್ತಿರ ಇರುವ ಜಾಗ. "ನೋಡಿ ಸರ್, ಸಮುದ್ರ ಮಟ್ಟಕ್ಕಿಂತ ಎರಡು ಮೀಟರ್ ಮೇಲಿದೆ. ಆಳೆತ್ತರ ಆಯ್ತಲ್ಲ, ಇನ್ನೇನು ಭಯ?" ಅಂದರು.

ಆ ಎರಡು ಮೀಟರನ್ನು ಸ್ವಲ್ಪ ಬಿಡಿಸಿ ನೋಡೋಣ.

ಹಾಸನ ರೈಲು ನಿಲ್ದಾಣದ ಹಳದಿ ಬೋರ್ಡಿನಲ್ಲಿ ಊರಿನ ಹೆಸರಿನ ಜೊತೆ ಸಮುದ್ರ ಮಟ್ಟದಿಂದ ಎಷ್ಟು ಎತ್ತರ ಅಂತಲೂ ಬರೆದಿರುತ್ತದೆ. ಆ ಬೋರ್ಡಿನ ಎತ್ತರ, ನಕ್ಷೆಯ ಎತ್ತರ ಎಲ್ಲವನ್ನೂ ಎಣಿಸಲು ಶುರುಮಾಡುವ ಸೊನ್ನೆ ತುಂಬಾ ಹಳೆಯದು. ಕಾರವಾರವೂ ಸೇರಿ ಒಂಬತ್ತು ಕಡೆ ಕಡಲಿನ ಏರಿಳಿತ ಅಳೆದು, ಅದರ ಸರಾಸರಿ ಹಿಡಿದು, ದೇಶದ ಉದ್ದಗಲಕ್ಕೂ ಎತ್ತರ ಅಳೆದು ಗುರುತು ಹಾಕಿದ ಮೊದಲ ಲೆವೆಲ್ ಜಾಲವನ್ನು 1909ರಲ್ಲಿ ಮುಗಿಸಿದರು. ನಾವು ಇವತ್ತೂ ಬಳಸುವ ಬೆಂಚ್‌ಮಾರ್ಕ್‌ಗಳಲ್ಲಿ, ಅಂದರೆ ಎತ್ತರ ಗೊತ್ತಿರುವ ಗುರುತುಗಳಲ್ಲಿ, ಹಲವು ಅದರಿಂದಲೇ ಬಂದವು.

ಅಲ್ಲಿಂದ ಈಚೆಗೆ ಕಡಲು ಸುಮ್ನೆ ಕೂತಿಲ್ಲ. 1901ರಿಂದ 2018ರ ನಡುವೆ ಜಗತ್ತಿನ ಸರಾಸರಿ ಸಮುದ್ರ ಮಟ್ಟ ಸುಮಾರು 20 ಸೆಂ.ಮೀ. ಏರಿದೆ. ನಮ್ಮ ಸುತ್ತಲಿನ ಉತ್ತರ ಹಿಂದೂ ಮಹಾಸಾಗರ 2004ರವರೆಗಿನ ನೂರಮೂವತ್ತು ವರ್ಷಗಳಲ್ಲಿ ವರ್ಷಕ್ಕೆ 1.06ರಿಂದ 1.75 ಮಿ.ಮೀ. ಏರುತ್ತಿತ್ತು. 1993ರಿಂದ 2017ರವರೆಗಿನ ಲೆಕ್ಕ ತೆಗೆದರೆ ವರ್ಷಕ್ಕೆ 3.3 ಮಿ.ಮೀ. ಇದು ಕೇಂದ್ರ ಭೂವಿಜ್ಞಾನ ಸಚಿವಾಲಯದ 2020ರ ವರದಿಯ ಮಾತು. ಬಿಸಿಯಾದ ನೀರು ಹಿಗ್ಗುತ್ತದೆ, ನೆಲದ ಮೇಲಿನ ಹಿಮ ಕರಗಿ ಕಡಲು ಸೇರುತ್ತದೆ. ಮುಖ್ಯ ಕಾರಣ ಇವೆರಡೇ.

ವರ್ಷಕ್ಕೆ ಮೂರು ಮಿಲಿಮೀಟರ್ ಅಂದರೆ ಯಾರಿಗೂ ದಿಗಿಲಾಗುವುದಿಲ್ಲ. ಆದರೆ ಕರಾವಳಿಯ ಗದ್ದೆ ಬಯಲು ಎಷ್ಟು ಸಪಾಟು ಅನ್ನುವುದು ನೆನಪಿರಲಿ. ಸಾವಿರ ಮೀಟರಿಗೆ ಒಂದು ಮೀಟರ್ ಇಳಿಜಾರು ಇರುವ ಜಾಗದಲ್ಲಿ ನೀರು ಹತ್ತು ಸೆಂ.ಮೀ. ಏರಿದರೆ ನೂರು ಮೀಟರ್ ಒಳಗೆ ಬರುತ್ತದೆ. ಸರಾಸರಿ ಮಟ್ಟದ ಮೇಲೆ ಉಬ್ಬರ ಬೇರೆ ಇದೆ. ಮಂಗಳೂರಿನಲ್ಲಿ ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನ ಉಬ್ಬರ ಆ ಮಟ್ಟಕ್ಕಿಂತ ಅರ್ಧ ಮೀಟರಿಗೂ ಮೇಲೆ ಹೋಗುತ್ತದೆ. ಅದರ ಮೇಲೆ ಮಳೆಗಾಲದ ಗಾಳಿ, ಅಲೆ. 2021ರ ಮೇ ತಿಂಗಳಿನ ತೌಕ್ತೆ ಚಂಡಮಾರುತದ ದಿನಗಳಲ್ಲಿ ಉಳ್ಳಾಲ, ಸೋಮೇಶ್ವರದ ದಡದ ಮನೆಯವರು ಏನು ಅನುಭವಿಸಿದರು ಅಂತ ನಾವೆಲ್ಲ ಟಿವಿಯಲ್ಲಿ ನೋಡಿದ್ದೇವೆ.

ಹಾಗಿದ್ದರೂ ನನ್ನ ದೊಡ್ಡ ಚಿಂತೆ ಅಲೆಯದಲ್ಲ, ಹೊಳೆಯದು. ಅದು ನಮ್ಮ ಮನೆ ಬಾಗಿಲಿನಿಂದಲೇ ಹೋಗುವ ನೀರು.

ಸಕಲೇಶಪುರದಿಂದ ಬಿಸಿಲೆಗೆ ಹೋಗುವ ದಾರಿಯಲ್ಲಿ ಮಂಕನಹಳ್ಳಿ ಹತ್ತಿರ ಒಂದು ದಿಣ್ಣೆಯಿದೆ. ಅದರ ಒಂದು ಮಗ್ಗುಲಿಗೆ ಬಿದ್ದ ಮಳೆ ಬಂಗಾಳ ಕೊಲ್ಲಿಗೆ, ಇನ್ನೊಂದು ಮಗ್ಗುಲಿನದು ಅರಬ್ಬೀ ಸಮುದ್ರಕ್ಕೆ. ಪಡುವಣ ಮಗ್ಗುಲಿನ ನೀರು ಕುಮಾರಧಾರೆಯಾಗಿ ಉಪ್ಪಿನಂಗಡಿಯಲ್ಲಿ ನೇತ್ರಾವತಿ ಸೇರುತ್ತದೆ. ಆ ನೇತ್ರಾವತಿಯೂ ಹುಟ್ಟುವುದು ಚಿಕ್ಕಮಗಳೂರು ಜಿಲ್ಲೆಯ ಬೆಟ್ಟಗಳಲ್ಲೇ. ಘಟ್ಟದ ಮೇಲೆ ರಾತ್ರಿಯಿಡೀ ಸುರಿದರೆ ಕೆಳಗೆ ನೆರೆ ಬರಲು ಜಾಸ್ತಿ ಹೊತ್ತು ಬೇಡ. 2019ರ ಆಗಸ್ಟಿನಲ್ಲಿ ಮೂಡಿಗೆರೆ ಕಡೆ ಗುಡ್ಡಗಳು ಜಾರಿ ಚಾರ್ಮಾಡಿ ಘಾಟಿ ಮುಚ್ಚಿದ ದಿನಗಳಲ್ಲೇ ಬಂಟ್ವಾಳದಲ್ಲಿ ನೇತ್ರಾವತಿ ದಡ ಮೀರಿತ್ತು.

ಈ ನೀರು ಹೊರಗೆ ಹೋಗಬೇಕಾದ್ದು ಅಳಿವೆ ಬಾಗಿಲಿನಿಂದ. ಕಡಲು ಇಳಿದಿದ್ದರೆ ಸಲೀಸಾಗಿ ಹೋಗುತ್ತದೆ. ಉಬ್ಬರವಿದ್ದರೆ ತಡೆದು ನಿಲ್ಲುತ್ತದೆ, ಹಿಂದಕ್ಕೆ ಒತ್ತುತ್ತದೆ, ಪಕ್ಕದ ಗದ್ದೆಗೆ ನುಗ್ಗುತ್ತದೆ. ಸಮುದ್ರ ಮಟ್ಟ ಏರುತ್ತಾ ಹೋದಂತೆ ನೀರು ಹೊರಹೋಗಲು ಸಿಗುವ ಹೊತ್ತು ದಿನದಿನಕ್ಕೆ ಕಡಿಮೆಯಾಗುತ್ತದೆ. ಅದೇ ಮಳೆ, ಅದೇ ಹೊಳೆ, ಆದರೆ ಮೊದಲಿಗಿಂತ ಎತ್ತರದ ನೆರೆ. ಕಡಲು ಕಾಣದಷ್ಟು ಒಳಗಿರುವ ಮನೆಗೂ ಕಡಲಿನಿಂದಲೇ ತೊಂದರೆಯಾಗುವುದು ಹೀಗೆ.

ಮೂಡಣ ಮಗ್ಗುಲಿನ ಕಥೆ ಬೇರೆ. ಅಲ್ಲಿ ನೀರಿಗಿಂತ ಮಣ್ಣಿನ ವಿಷಯ ದೊಡ್ಡದು. ಹೇಮಾವತಿ ಹೊತ್ತು ತರುವ ಹೂಳು ಗೊರೂರಿನಲ್ಲಿ ನಿಲ್ಲುತ್ತದೆ. ಉಳಿದದ್ದು ಕನ್ನಂಬಾಡಿಯಲ್ಲಿ, ಮೆಟ್ಟೂರಿನಲ್ಲಿ. ಕಾವೇರಿಯ ಮುಖಜ ಭೂಮಿ ಕಡಲಿಗೆ ಸರಿಸಮನಾಗಿ ನಿಲ್ಲಬೇಕಾದರೆ ವರ್ಷವರ್ಷ ಹೊಸ ಮಣ್ಣು ಬೇಕು. ಅಣೆಕಟ್ಟು ನಮಗೆ ಅನ್ನ ಕೊಟ್ಟಿದೆ, ಬೇಡ ಅನ್ನಲಾರೆ. ಆದರೆ ಕೆಳಗಿನವರಿಗೆ ತಪ್ಪಿದ ಮಣ್ಣಿನ ಲೆಕ್ಕವನ್ನೂ ಯಾರಾದರೂ ಇಡಬೇಕಲ್ವಾ? ಪಶ್ಚಿಮದ ಹೊಳೆಗಳಲ್ಲಿ ಮಿತಿಮೀರಿ ಮರಳು ತೆಗೆದಾಗಲೂ ಹೀಗೇ. ದಡಕ್ಕೆ ಸೇರಬೇಕಾದ ಮರಳು ಲಾರಿ ಹತ್ತುತ್ತದೆ. ಆಮೇಲೆ ಕಡಲ್ಕೊರೆತಕ್ಕೆ ಬಂಡೆ ತಂದು ಸುರಿಯುತ್ತೇವೆ. ಬಂಡೆ ಹಾಕಿದಲ್ಲಿ ಕೆಲವು ಕಾಲ ನಿಲ್ಲುತ್ತದೆ, ಬಂಡೆ ಮುಗಿದಲ್ಲಿಂದ ಕೊರೆತ ಶುರುವಾಗುತ್ತದೆ.

ಮುಂದಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಹವಾಮಾನ ಬದಲಾವಣೆ ಕುರಿತ ವಿಶ್ವಸಂಸ್ಥೆಯ ವಿಜ್ಞಾನಿಗಳ ಸಮಿತಿ ಐಪಿಸಿಸಿ ಪ್ರಕಾರ 2100ರ ಹೊತ್ತಿಗೆ ಜಗತ್ತಿನ ಸರಾಸರಿ ಏರಿಕೆ, ಇಂಗಾಲದ ಹೊಗೆಯನ್ನು ಬೇಗ ತಗ್ಗಿಸಿದರೂ 28ರಿಂದ 55 ಸೆಂ.ಮೀ. ಹೊಗೆ ತೀರಾ ಹೆಚ್ಚುತ್ತಲೇ ಹೋದರೆ 63ರಿಂದ 101 ಸೆಂ.ಮೀ. ಇಂದು ಕಟ್ಟುವ ಆರ್‌ಸಿಸಿ ಮನೆಯಲ್ಲಿ ಮೊಮ್ಮಕ್ಕಳೂ ಇರಲಿ ಅಂತ ತಾನೇ ಕಟ್ಟುವುದು?

ಆ ಹಿರಿಯರಿಗೆ ನಾನು ಸೈಟು ಬೇಡ ಅನ್ನಲಿಲ್ಲ. ಆಷಾಢದ ಅಮಾವಾಸ್ಯೆ ಸಮಯದಲ್ಲಿ, ಉಬ್ಬರದ ಹೊತ್ತಿಗೆ ಹೋಗಿ ಸೈಟಿನ ಪಕ್ಕದ ಮೋರಿಯಲ್ಲಿ ಒಂದು ಎಲೆ ಬಿಡಿ ಅಂದೆ. ಎಲೆ ಹೊಳೆ ಕಡೆ ಹೋಗದೆ ನಿಮ್ಮ ಕಡೆಗೇ ಬಂದರೆ, ಮಳೆ ನೀರು ಹೋಗುವ ದಾರಿ ಆಗಲೇ ಕಟ್ಟಿದೆ ಅಂತ. ಏಪ್ರಿಲ್, ಮೇನಲ್ಲಿ ಅಕ್ಕಪಕ್ಕದ ಬಾವಿ ನೀರು ಉಪ್ಪಾಗುತ್ತದಾ ಅಂತ ಕೇಳಿ. 2019ರಲ್ಲಿ ನೀರು ಎಲ್ಲಿವರೆಗೆ ಬಂದಿತ್ತು ಅಂತ ಹಳೇ ಮನೆಯವರು ಗೋಡೆ ಮುಟ್ಟಿ ತೋರಿಸುತ್ತಾರೆ, ಆ ಗುರುತಿನಿಂದ ನಿಮ್ಮ ಪ್ಲಿಂತ್, ಅಂದರೆ ಮನೆಯ ನೆಲಗಟ್ಟಿನ ಎತ್ತರ ಹಿಡಿಯಿರಿ, ರಸ್ತೆಯಿಂದಲ್ಲ. ಗದ್ದೆಗೆ ಕೆಂಪು ಮಣ್ಣು ತುಂಬಿಸಿ ಎತ್ತರ ಮಾಡಿದ ಲೇಔಟ್ ಆದರೆ, ಮೊದಲು ಅಲ್ಲಿ ನಿಲ್ಲುತ್ತಿದ್ದ ನೀರು ಈಗ ಯಾರ ಅಂಗಳಕ್ಕೆ ಹೋಗುತ್ತದೆ ಅಂತಲೂ ವಿಚಾರಿಸಿ. ಕಡಲು, ಅಳಿವೆಯ ದಡದಲ್ಲಿ ಕಟ್ಟುವುದಕ್ಕೆ ಮಿತಿ ಹಾಕುವ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಕ್ಷೆಯಲ್ಲಿ ಉಬ್ಬರದ ಗೆರೆ ಎಲ್ಲಿದೆ ಅಂತ ನೋಡದೆ ಅಡ್ವಾನ್ಸ್ ಕೊಡಬೇಡಿ. ಇಷ್ಟು ನೋಡಿಕೊಂಡು ಬನ್ನಿ, ಆಮೇಲೆ ನಕ್ಷೆ ಬಿಡಿಸೋಣ ಅಂದೆ.