ದುರ್ಗದ ಅದಿರು, ಕರಾವಳಿಯ ಹೂಳು

2011ರ ಆಗಸ್ಟ್ 26ರಂದು ಸುಪ್ರೀಂ ಕೋರ್ಟ್ ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳ ಕಬ್ಬಿಣದ ಅದಿರು ಗಣಿಗಳನ್ನೂ ನಿಲ್ಲಿಸಿತು. ಬಳ್ಳಾರಿಯಲ್ಲಿ ಒಂದು ತಿಂಗಳ ಮೊದಲೇ ನಿಂತಿತ್ತು. ಹೊಳಲ್ಕೆರೆ, ಹೊಸದುರ್ಗದ ಕಡೆ ಸಾಲ ಮಾಡಿ ಟಿಪ್ಪರ್ ತಗೊಂಡವರ ಪಾಡು ಆಮೇಲೆ ಏನಾಯಿತು ಅಂತ ಇಲ್ಲಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅಷ್ಟು ಹೊತ್ತಿಗೆ ಘಟ್ಟದ ಕೆಳಗೂ ಒಂದು ವ್ಯವಹಾರ ಮುಗಿದುಹೋಗಿತ್ತು. ರಾಜ್ಯ ಸರ್ಕಾರ 2010ರ ಜುಲೈನಲ್ಲೇ ತನ್ನ ಸಣ್ಣ ಬಂದರುಗಳಿಂದ ಅದಿರು ರಫ್ತು ನಿಲ್ಲಿಸಿತ್ತು. ಕಾರವಾರ, ಬೇಲೆಕೇರಿಯಲ್ಲಿ ಕೆಂಪು ದೂಳು ಕೂತುಕೊಂಡಿತು, ಅದಿರನ್ನು ಹಡಗಿಗೆ ಸಾಗಿಸುವ ಚಪ್ಪಟೆ ದೋಣಿಗಳು, ಅಂದರೆ ಬಾರ್ಜ್‌ಗಳು, ಬೇರೆ ಕಡೆ ಹೋದವು.

ಗಣಿಯ ಬಗ್ಗೆ ಮಾತಾಡಿದಷ್ಟು ನಾವು ಆ ಬಂದರುಗಳ ಬಗ್ಗೆ ಮಾತಾಡಲಿಲ್ಲ. ಬಯಲುಸೀಮೆಯವರಿಗೆ ಬಂದರಿನ ಉಸಾಬರಿ ಯಾಕೆ ಅನ್ನಿಸಬಹುದು. ಆದರೆ ನಮ್ಮ ಕರಾವಳಿಯ ಸಣ್ಣ ಬಂದರುಗಳ ಹಣೆಬರಹವನ್ನು ಮತ್ತೆ ಮತ್ತೆ ಬರೆದಿರುವುದು ಘಟ್ಟದ ಮೇಲಿನ ಸರಕೇ. ತೊಂದರೆ ಇರುವುದೂ ಅಲ್ಲೇ. ಸರಕು ಕೆಲವು ವರ್ಷ ಬರುತ್ತದೆ, ಕೆಲವು ವರ್ಷ ಬರುವುದಿಲ್ಲ. ಹೂಳು ಮಾತ್ರ ಪ್ರತಿ ಮಳೆಗಾಲ ತಪ್ಪದೆ ಬರುತ್ತದೆ. ಹೂಳೆತ್ತುವ ಖರ್ಚನ್ನು ಸರಕು ಇಲ್ಲದ ವರ್ಷ ಯಾರು ಕೊಡಬೇಕು? ನೂರೈವತ್ತು ವರ್ಷದಿಂದ ಈ ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕಿಲ್ಲ.

ಮೊದಲ ಸುತ್ತು ಹತ್ತಿಯದ್ದು. ಧಾರವಾಡ ಸೀಮೆಯ ಹತ್ತಿ ಎತ್ತುಗಳ ಬೆನ್ನೇರಿ ಘಟ್ಟ ಇಳಿದು ಕುಮಟಾಕ್ಕೆ ಹೋಗುತ್ತಿತ್ತು. ಅಲ್ಲಿಂದ ಹಡಗಿನಲ್ಲಿ ಮುಂಬೈಗೆ. ಬೆಳೆದದ್ದು ಬಯಲಲ್ಲಾದರೂ ಮುಂಬೈ ಪೇಟೆಯಲ್ಲಿ ಅದಕ್ಕೆ ‘ಕುಮಟಾ ಹತ್ತಿ’ ಅಂತಲೇ ಹೆಸರು. ಲಂಬಾಣಿಗರ ಎತ್ತಿನ ಸಾಲುಗಳು ಇಳಿಯುವಾಗ ಕಾಳು, ಹತ್ತಿ ಹೊತ್ತು, ಹತ್ತುವಾಗ ಕರಾವಳಿಯ ಉಪ್ಪು ಹೇರಿಕೊಂಡು ಬರುತ್ತಿದ್ದವು. ದಾವಣಗೆರೆ, ಚಿತ್ರದುರ್ಗದ ತಾಂಡಾಗಳಲ್ಲಿ ಇವತ್ತು ಇರುವವರ ಹಿರೀಕರು ಒಂದು ಕಾಲದಲ್ಲಿ ಮಾಡುತ್ತಿದ್ದ ಕೆಲಸವೇ ಇದು. ಈಗಿನ ಲಾರಿ ಲೈನಿನವರಿಗಿಂತ ತುಂಬಾ ಮೊದಲಿನ ಲೈನಿನವರು ಅವರು.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು. ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಸಿಗದೆ ಹೋಯಿತು. ಮ್ಯಾಂಚೆಸ್ಟರಿನವರ ಕಣ್ಣು ಧಾರವಾಡದ ಹತ್ತಿಯ ಮೇಲೆ ಬಿತ್ತು. ಅವರ ಒತ್ತಾಯ ಎಷ್ಟಿತ್ತೆಂದರೆ, 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತ್ಯದಿಂದ ಬಿಡಿಸಿ ಮುಂಬೈ ಪ್ರಾಂತ್ಯಕ್ಕೆ ಸೇರಿಸಿದರು. ಕಾರವಾರದಲ್ಲಿ ಬಂದರು ಬೆಳೆಸಬೇಕು, ಘಟ್ಟಕ್ಕೆ ರಸ್ತೆ ಕಡಿಯಬೇಕು ಅನ್ನುವುದು ಯೋಜನೆ. ಜಾಗವೇನೋ ಒಳ್ಳೆಯದೇ. ಕಾರವಾರದ ಕೊಲ್ಲಿಗೆ ಗುಡ್ಡ ಮತ್ತು ದ್ವೀಪಗಳ ಮರೆ ಇದೆ, ಮಳೆಗಾಲದ ಅಲೆ ನೇರವಾಗಿ ಹೊಡೆಯುವುದಿಲ್ಲ. ಆದರೆ ರೈಲು ಬರಲಿಲ್ಲ. 1880ರ ದಶಕದಲ್ಲಿ ರೈಲು ಗೋವಾದ ಮರ್ಮಗೋವಾಕ್ಕೆ ಹೋಯಿತು, ಹುಬ್ಬಳ್ಳಿಯ ಸರಕು ಅದರ ಹಿಂದೆ ಹೋಯಿತು. ಕಾರವಾರ ದೊಡ್ಡ ಕನಸು ಕಂಡ ಸಣ್ಣ ಬಂದರಾಗಿ ಉಳಿಯಿತು.

ಆ ಕಾಲದಲ್ಲಿ ನಮ್ಮ ಚಿತ್ರದುರ್ಗ ಜಿಲ್ಲೆ ಮೈಸೂರು ಸಂಸ್ಥಾನದಲ್ಲಿತ್ತು. ದಾವಣಗೆರೆಯೂ ಆಗ ಚಿತ್ರದುರ್ಗ ಜಿಲ್ಲೆಯೇ, ಬೇರೆ ಆದದ್ದು 1997ರಲ್ಲಿ. ಮೈಸೂರಿಗೆ ಒಂದು ಗಜ ಕಡಲತೀರವೂ ಇರಲಿಲ್ಲ. ಕಾರವಾರ ಮುಂಬೈಯವರದ್ದು, ಮಂಗಳೂರು ಮದ್ರಾಸಿನವರದ್ದು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಭಟ್ಕಳದಲ್ಲಿ ಮೈಸೂರಿಗೆ ಒಂದು ಬಂದರು ಬೇಕು ಅಂತ ಪ್ರಯತ್ನಪಟ್ಟರು, ಕೈಗೂಡಲಿಲ್ಲ. 1956ರ ನವೆಂಬರ್ 1ರಂದು ರಾಜ್ಯ ಒಂದಾದಾಗ ಹೆಚ್ಚುಕಡಿಮೆ 300 ಕಿಲೋಮೀಟರ್ ಕಡಲತೀರ ಒಟ್ಟಿಗೇ ಬಂತು. ಜೊತೆಗೆ ನದಿಬಾಯಿಗಳ ಹಳೇ ಬಂದರುಗಳ ಸಾಲೂ ಬಂತು: ಕಾರವಾರ, ಬೇಲೆಕೇರಿ, ತದಡಿ, ಹೊನ್ನಾವರ, ಭಟ್ಕಳ, ಕುಂದಾಪುರ, ಹಂಗಾರಕಟ್ಟೆ, ಮಲ್ಪೆ, ಹಳೇ ಮಂಗಳೂರು.

ಇವುಗಳ ಯಜಮಾನರು ಯಾರು? ಸಂವಿಧಾನದ ಪ್ರಕಾರ ‘ಪ್ರಮುಖ’ ಬಂದರುಗಳು ಕೇಂದ್ರದ ಪಟ್ಟಿಯಲ್ಲಿವೆ. ಉಳಿದವು ಎರಡೂ ಸರ್ಕಾರ ಕಾನೂನು ಮಾಡಬಹುದಾದ ಪಟ್ಟಿಯಲ್ಲಿವೆ. ನಡೆಸುವ ಜವಾಬ್ದಾರಿ ರಾಜ್ಯದ್ದು. ಕರ್ನಾಟಕದಲ್ಲಿ ಪ್ರಮುಖ ಬಂದರು ಒಂದೇ, ಪಣಂಬೂರಿನ ನವಮಂಗಳೂರು ಬಂದರು. 1974ರಲ್ಲಿ ಅದಕ್ಕೆ ಆ ಪಟ್ಟ ಸಿಕ್ಕಿತು, 1975ರ ಜನವರಿಯಲ್ಲಿ ಇಂದಿರಾ ಗಾಂಧಿ ಉದ್ಘಾಟಿಸಿದರು. ನಮ್ಮ ಹೊಲಕ್ಕೆ ಹಾಕುವ ಪೊಟ್ಯಾಷ್ ಈ ದೇಶದಲ್ಲಿ ಅಗೆದು ತೆಗೆಯುವ ಮಾಲಲ್ಲ, ಪೂರಾ ಹೊರಗಿನಿಂದ ಹಡಗಿನಲ್ಲೇ ಬರಬೇಕು. ಅಂಥ ಗೊಬ್ಬರ, ಕಲ್ಲಿದ್ದಲು, ಕಚ್ಚಾತೈಲದ ದೊಡ್ಡ ಹಡಗುಗಳು ಪಣಂಬೂರಿಗೆ ಹೋಗುತ್ತವೆ. ಕಾರವಾರಕ್ಕೆ ಡಾಂಬರು, ಫರ್ನೇಸ್ ಆಯಿಲ್‌ನಂಥ ಸಣ್ಣ ಹಡಗಿನ ಸರಕು. ಸಕ್ಕರೆ ಕಾರ್ಖಾನೆಗಳ ಕಾಕಂಬಿ ಅಲ್ಲಿಂದ ಹೊರಗೆ ಹೋಗುತ್ತದೆ. ಹಳೇ ಮಂಗಳೂರಿನ ಧಕ್ಕೆಯಿಂದ (ಹಡಗು ನಿಲ್ಲುವ ಕಟ್ಟೆ) ಮಂಜಿ ಅನ್ನುವ ಮರದ ಸರಕು ಹಡಗುಗಳು ಅಕ್ಕಿ, ತರಕಾರಿ, ಜಲ್ಲಿ, ಸಿಮೆಂಟು ತುಂಬಿಕೊಂಡು ಲಕ್ಷದ್ವೀಪಕ್ಕೆ ಹೊರಡುತ್ತವೆ. ಅದೂ ಮಳೆಗಾಲದ ನಾಲ್ಕು ತಿಂಗಳು ಬಂದ್.

ಬಂದರು ನಡೆಸುವುದು ಎಂದರೆ ಏನು ಅನ್ನುವುದನ್ನು ಸ್ವಲ್ಪ ನಿಂತು ನೋಡಬೇಕು. ಧಕ್ಕೆ ಕಟ್ಟಿದರೆ ಮುಗಿಯಿತು ಅಂತ ನಮಗೆ ಅನ್ನಿಸುತ್ತದೆ. ನಿಜವಾಗಿ ಮಾರಾಟಕ್ಕಿರುವ ಮಾಲು ನೀರಿನ ಆಳ. ತುಂಬಿದ ಹಡಗಿನ ತಳ ನೀರಿನಲ್ಲಿ ಎಷ್ಟು ಮೀಟರ್ ಇಳಿಯುತ್ತದೋ ಅದಕ್ಕಿಂತ ಜಾಸ್ತಿ ಆಳ ಬೇಕು. ಕಾರವಾರದ ಧಕ್ಕೆಯ ಬದಿಯಲ್ಲಿ ಸಿಗುವುದು 8ರಿಂದ 9 ಮೀಟರ್. ಪಣಂಬೂರಿನಲ್ಲಿ ಸುಮಾರು 14. 70 ಸಾವಿರ ಟನ್ ಹೊರುವ ಹಡಗಿಗೆ 13 ಮೀಟರಾದರೂ ಬೇಕೇ ಬೇಕು, ಆದ್ದರಿಂದ ಅದು ಕಾರವಾರದ ಧಕ್ಕೆಗೆ ಬರುವ ಮಾತೇ ಇಲ್ಲ. ನದಿಬಾಯಿಯ ಬಂದರುಗಳದ್ದು ಇನ್ನೂ ಕಷ್ಟ. ಮಳೆಗಾಲದಲ್ಲಿ ನದಿ ಘಟ್ಟದ ಮಣ್ಣನ್ನೆಲ್ಲ ತರುತ್ತದೆ, ಸಮುದ್ರ ಮರಳನ್ನು ವಾಪಸ್ ತಳ್ಳುತ್ತದೆ, ಎರಡೂ ಸೇರಿ ಅಳಿವೆ ಬಾಗಿಲಲ್ಲಿ ದಿಬ್ಬ ಕಟ್ಟುತ್ತವೆ. ಈ ದಿಬ್ಬಕ್ಕೆ ಬಡಿದು ಮಗುಚುವ ದೋಣಿಗಳ ಸುದ್ದಿ ಕರಾವಳಿಯ ಪೇಪರಿನಲ್ಲಿ ಆಗಾಗ ಬರುತ್ತಲೇ ಇರುತ್ತದೆ.

ನಮ್ಮ ಕೆರೆಗಳ ಹೂಳಿಗೂ ಇದಕ್ಕೂ ಒಂದು ವ್ಯತ್ಯಾಸ ಇದೆ. ಭೀಮಸಮುದ್ರದ ಕೆರೆಯಿಂದಲೋ ಸೂಳೆಕೆರೆಯಿಂದಲೋ ಗೋಡು ತೆಗೆದರೆ ರೈತರೇ ಟ್ರ್ಯಾಕ್ಟರ್ ತಂದು ತೋಟಕ್ಕೆ ಹೊಡೆದುಕೊಳ್ಳುತ್ತಾರೆ. ಒಮ್ಮೆ ತೆಗೆದರೆ ಹಲವು ವರ್ಷ ಚಿಂತೆ ಇಲ್ಲ. ಬಂದರಿನ ಹೂಳು ಯಾರಿಗೂ ಬೇಡ. ಡ್ರೆಜ್ಜರ್‌ನಲ್ಲಿ ಎತ್ತಿ ದೂರದ ಸಮುದ್ರದಲ್ಲಿ ಗೊತ್ತುಮಾಡಿದ ಜಾಗದಲ್ಲಿ ಸುರಿಯಬೇಕು, ಮುಂದಿನ ಮಳೆಗಾಲಕ್ಕೆ ಮತ್ತೆ ತುಂಬಿಕೊಳ್ಳುತ್ತದೆ. ಕೆಲಸ ಮಾಡಲು ಸಿಗುವುದು ಮಳೆ ನಿಂತ ಮೇಲಿನ ತಿಂಗಳುಗಳು ಮಾತ್ರ. ಫೈಲು ಬೆಂಗಳೂರಿಗೆ ಹೋಗಿ, ಟೆಂಡರ್ ಆಗಿ, ಯಂತ್ರ ಬರುವಷ್ಟರಲ್ಲಿ ಮಾರ್ಚ್ ದಾಟಿದರೆ ಆ ವರ್ಷ ಹೋಯಿತು ಅಂತಲೇ ಲೆಕ್ಕ.

ಗುಜರಾತಿನವರು ಇದನ್ನು ಬೇಗ ಅರ್ಥ ಮಾಡಿಕೊಂಡರು. 1982ರಲ್ಲೇ ತಮ್ಮ ಸಣ್ಣ ಬಂದರುಗಳಿಗೆ ಪ್ರತ್ಯೇಕ ಮಂಡಳಿ ಮಾಡಿದರು. ಬಂದರಿನ ಆದಾಯ ಬಂದರಿಗೇ, ತೀರ್ಮಾನವೂ ಅಲ್ಲೇ. ನಮ್ಮಲ್ಲಿ ಅದು ಇಲಾಖೆಯಾಗಿಯೇ ಮುಂದುವರಿಯಿತು. ಹಡಗಿನ ಶುಲ್ಕ, ಧಕ್ಕೆ ಬಾಡಿಗೆ, ಟನ್ ಲೆಕ್ಕದ ಸುಂಕ ಎಲ್ಲ ಸರ್ಕಾರದ ಖಜಾನೆಗೆ. ಹೂಳೆತ್ತಲು ದುಡ್ಡು ಬೇಕಾದರೆ ಬಜೆಟ್ಟಿಗೆ ಕೈಚಾಚಬೇಕಿತ್ತು. ಕರ್ನಾಟಕ ಜಲಸಾರಿಗೆ ಮಂಡಳಿಯ ಕಾಯ್ದೆಗೆ 2015ರ ಇಸವಿ ಇದೆ, ಅಂದರೆ ಗುಜರಾತಿಗಿಂತ ಮೂರು ದಶಕ ತಡ. ಆ ಮೂರು ದಶಕಗಳ ನಡುವೆಯೇ ಅದಿರಿನ ಕಾಲ ಬಂದು ಹೋಯಿತು.

2000ದ ನಂತರ ಚೀನಾದ ಉಕ್ಕಿನ ಕಾರ್ಖಾನೆಗಳು ಬಾಯಿ ತೆರೆದವು. ಅಲ್ಲಿಯವರೆಗೆ ಯಾರೂ ಕೇಳದ ಪುಡಿ ಅದಿರಿಗೆ ಬಂಗಾರದ ಬೆಲೆ ಬಂತು. ಬಳ್ಳಾರಿ, ಚಿತ್ರದುರ್ಗದ ಅದಿರು ಮಂಗಳೂರು, ಗೋವಾ, ಕಾರವಾರ, ಬೇಲೆಕೇರಿ ಅಂತ ದಾರಿ ಸಿಕ್ಕ ಕಡೆಗೆ ಓಡಿತು. ಉತ್ತರ ಕನ್ನಡದ ಬಂದರುಗಳಿಗೆ ಬಯಲುಸೀಮೆಯಿಂದ ನೇರ ರೈಲು ಇಲ್ಲ, ಎಲ್ಲವೂ ಲಾರಿಯಲ್ಲೇ ಆಗಬೇಕು. ಅರಬೈಲು ಘಟ್ಟದಲ್ಲಿ ಮೈಲುಗಟ್ಟಲೆ ಲಾರಿ ಸಾಲು, ರಸ್ತೆ ಪುಡಿಪುಡಿ.

ಬೇಲೆಕೇರಿಯಲ್ಲಿ ದೊಡ್ಡ ಹಡಗು ಧಕ್ಕೆಗೆ ಬರುವಷ್ಟು ಆಳ ಇಲ್ಲ. ಹಾಗಾಗಿ ಲಾರಿ ಬಂದು ಪ್ಲಾಟಿನಲ್ಲಿ ಅದಿರು ಸುರಿಯುತ್ತಿತ್ತು, ಅದನ್ನು ಬಾರ್ಜ್‌ಗೆ ತುಂಬುತ್ತಿದ್ದರು, ಬಾರ್ಜ್ ಹೊರಗೆ ಲಂಗರು ಹಾಕಿ ನಿಂತ ಹಡಗಿಗೆ ಸಾಗಿಸುತ್ತಿತ್ತು. ಲೆಕ್ಕ ಮೂರು ಕಡೆ ಆಗಬೇಕಿತ್ತು. ಗಣಿಯಿಂದ ಹೊರಟ ಲಾರಿಗೆ ಪರ್ಮಿಟ್. ಬಂದರಿನ ಗೇಟಿನಲ್ಲಿ ವೇಬ್ರಿಡ್ಜ್ ಚೀಟಿ. ಕೊನೆಯದು ಹಡಗಿನದ್ದೇ ತೂಕ. ಇದು ಕುತೂಹಲದ ವಿಷಯ. ಹಡಗಿನ ಮೈಮೇಲೆ ಮುಂದೆ, ನಡುವೆ, ಹಿಂದೆ ಮೀಟರ್ ಅಂಕಿಗಳನ್ನು ಬರೆದಿರುತ್ತಾರೆ. ತುಂಬುವ ಮೊದಲು ನೀರು ಯಾವ ಅಂಕಿಯಲ್ಲಿದೆ, ತುಂಬಿದ ಮೇಲೆ ಎಲ್ಲಿದೆ ಅಂತ ಸರ್ವೇಯರ್ ಸಣ್ಣ ದೋಣಿಯಲ್ಲಿ ಸುತ್ತು ಹೊಡೆದು ಓದುತ್ತಾನೆ. ಸಮುದ್ರದ ನೀರು ಎಷ್ಟು ಗಟ್ಟಿ ಇದೆ ಅಂತ ಅಳೆಯುತ್ತಾನೆ. ಹಡಗಿನಲ್ಲಿರುವ ಇಂಧನ, ಕುಡಿಯುವ ನೀರು ಕಳೆಯುತ್ತಾನೆ. ಉಳಿದದ್ದು ಸರಕಿನ ತೂಕ. ಹೆಚ್ಚುಕಡಿಮೆ ಸರಿಯಾಗಿಯೇ ಬರುತ್ತದೆ. ಪರ್ಮಿಟ್, ಚೀಟಿ, ಹಡಗು ಈ ಮೂರನ್ನೂ ಒಂದೇ ಟೇಬಲ್ಲಿನ ಮೇಲೆ ಇಟ್ಟು ತಾಳೆ ನೋಡಿದ್ದರೆ ಕಳ್ಳ ಅದಿರು ಒಂದು ತಿಂಗಳಲ್ಲೇ ಸಿಕ್ಕಿಬೀಳುತ್ತಿತ್ತು ಅನ್ನುವುದು ನನ್ನ ಅಭಿಪ್ರಾಯ. ಆದರೆ ಪರ್ಮಿಟ್ ನೋಡುವವರು ಗಣಿ ಮತ್ತು ಅರಣ್ಯ ಇಲಾಖೆಯವರು, ಹಡಗು ನೋಡುವವರು ಕಸ್ಟಮ್ಸ್‌ನವರು, ಗೇಟು ಬಂದರಿನವರದ್ದು. ಸರ್ಕಾರಿ ಬಂದರು ಅನ್ನುವುದು ಹೆಸರಿಗೆ ಮಾತ್ರ. ನೆಲ ಸರ್ಕಾರದ್ದು, ಪ್ಲಾಟು, ರಾಶಿ, ಯಂತ್ರ ಎಲ್ಲ ಖಾಸಗಿಯವರ ಕೈಯಲ್ಲಿ.

2010ರ ಮಾರ್ಚ್‌ನಲ್ಲಿ ಅರಣ್ಯ ಇಲಾಖೆ ಬೇಲೆಕೇರಿಯಲ್ಲಿ ಪರ್ಮಿಟ್ ಇಲ್ಲದ ಲಕ್ಷಗಟ್ಟಲೆ ಟನ್ ಅದಿರನ್ನು ಮುಟ್ಟುಗೋಲು ಹಾಕಿತು. ಅದನ್ನು ಕಾಯುವ ಹೊಣೆ ಬಂದರಿನ ಅಧಿಕಾರಿಗಳ ಮೇಲೆ ಬಿತ್ತು. ಜೂನ್ ಹೊತ್ತಿಗೆ ಅದರಲ್ಲಿ ಬಹುಪಾಲು ಮಾಯ. ಲಕ್ಷ ಟನ್ ಎಂದರೆ, ಲಾರಿಗೆ 16 ಟನ್ ಹಿಡಿದರೂ, 6 ಸಾವಿರಕ್ಕೂ ಜಾಸ್ತಿ ಲಾರಿ. ಜೇಬಿಗೆ ಹಾಕಿಕೊಂಡು ಹೋಗುವ ವಸ್ತು ಅಲ್ಲವಲ್ಲ. ಅದನ್ನು ಹಿಡಿದ ಅರಣ್ಯಾಧಿಕಾರಿಯ ಮೇಲೆಯೇ ಸರ್ಕಾರ ಕ್ರಮಕ್ಕೆ ಹೊರಟಾಗ ಲೋಕಾಯುಕ್ತ ಸಂತೋಷ್ ಹೆಗ್ಡೆ ರಾಜೀನಾಮೆ ಕೊಟ್ಟರು, ಆಮೇಲೆ ವಾಪಸ್ ತೆಗೆದುಕೊಂಡರು. 2011ರ ಜುಲೈನಲ್ಲಿ ಅವರು ಕೊಟ್ಟ ವರದಿಯ ನಂತರ ಮುಖ್ಯಮಂತ್ರಿ ಯಡಿಯೂರಪ್ಪ ಕುರ್ಚಿ ಬಿಡಬೇಕಾಯಿತು. 2024ರ ಅಕ್ಟೋಬರ್‌ನಲ್ಲಿ ವಿಶೇಷ ನ್ಯಾಯಾಲಯ ಬೇಲೆಕೇರಿ ಪ್ರಕರಣಗಳಲ್ಲಿ ಶಾಸಕರೊಬ್ಬರು ಮತ್ತು ಅಂದಿನ ಬಂದರು ಸಂರಕ್ಷಣಾಧಿಕಾರಿ ಸೇರಿ ಹಲವರಿಗೆ ಶಿಕ್ಷೆ ವಿಧಿಸಿತು. ಮರುತಿಂಗಳು ಹೈಕೋರ್ಟ್ ಶಾಸಕರ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು.

ಈ ಹಗರಣವನ್ನು ನಾವು ಗಣಿ ಹಗರಣ, ರಾಜಕೀಯ ಹಗರಣ ಅಂತಲೇ ಓದಿದ್ದೇವೆ. ನನಗೆ ಅದು ಒಂದು ಸಣ್ಣ ಬಂದರಿನ ಆಡಳಿತ ಕುಸಿದ ಕತೆಯಾಗಿಯೂ ಕಾಣುತ್ತದೆ. ಅಭ್ಯಾಸ ಇಲ್ಲದ ಕಚೇರಿಯ ತಲೆಯ ಮೇಲೆ ಒಮ್ಮೆಗೇ ಬೆಟ್ಟದಷ್ಟು ಸರಕು ಬಿತ್ತು. ಗೇಟು, ತೂಕ, ಕಾವಲು ಯಾವುದೂ ಅದಕ್ಕೆ ತಯಾರಿರಲಿಲ್ಲ.

ಸುರಕ್ಷತೆಯ ವಿಷಯವೂ ಹಾಗೇ. ಪುಡಿ ಅದಿರು ಮಳೆಗೆ ನೆನೆದರೆ ಅಪಾಯ. ಹಡಗಿನ ಅಲುಗಾಟಕ್ಕೆ ಒಳಗಿನ ನೀರು ಮೇಲೆ ಬಂದು, ಗಟ್ಟಿಯಾಗಿದ್ದ ರಾಶಿ ಕೆಸರಾಗಿ ಒಂದು ಪಕ್ಕಕ್ಕೆ ಜಾರುತ್ತದೆ, ಹಡಗು ವಾಲುತ್ತದೆ. 2009ರ ಜುಲೈನಲ್ಲಿ ನವಮಂಗಳೂರಿನಿಂದ ಅದಿರು ತುಂಬಿ ಹೊರಟ ‘ಏಷ್ಯನ್ ಫಾರೆಸ್ಟ್’ ಹೀಗೇ ಮುಳುಗಿತು, ಸಿಬ್ಬಂದಿ ಪಾರಾದರು. 2006ರ ಮೇ ಕೊನೆಯಲ್ಲಿ ‘ಓಷನ್ ಸೆರಾಯಾ’ ಅನ್ನುವ ಹಡಗು ಕಾರವಾರದ ಹೊರಗಿನ ಬಂಡೆ ದ್ವೀಪಕ್ಕೆ ಬಡಿದು ಅದರ ಇಂಧನ ಎಣ್ಣೆ ಸಮುದ್ರಕ್ಕೆ ಹರಿಯಿತು. ಮೀನುಗಾರರ ಆ ವರ್ಷದ ಗೋಳು ಕೇಳುವುದೇ ಬೇಡ.

ಮೀನುಗಾರರ ಮಾತು ಬಂದದ್ದು ಒಳ್ಳೆಯದಾಯಿತು. ಘಟ್ಟದ ಮೇಲಿಂದ ನೋಡಿದರೆ ಬಂದರು ಎಂದರೆ ಲಾರಿ, ಹಡಗು. ಕಾರವಾರ ಬಂದರು ಇರುವ ಬೈತಕೋಲದಲ್ಲಿ ನಿಂತು ನೋಡಿದರೆ ಅಲ್ಲೇ ಪಕ್ಕದಲ್ಲಿ ಮೀನುಗಾರಿಕಾ ಬಂದರೂ ಇದೆ. ಆಚೆ ಸೀಬರ್ಡ್ ಯೋಜನೆಯ ನೌಕಾನೆಲೆಗೆ ತೀರದ ದೊಡ್ಡ ಭಾಗ ಹೋಗಿದೆ, ಎಷ್ಟೋ ಮೀನುಗಾರ ಕುಟುಂಬಗಳು ಎದ್ದು ಹೋಗಿವೆ. ಉಳಿದದ್ದು ರವೀಂದ್ರನಾಥ ಟ್ಯಾಗೋರ್ ಕಡಲತೀರ. ಬಂದರುಗಳನ್ನು ಬೆಳೆಸುವ ಕೇಂದ್ರದ ಸಾಗರಮಾಲಾ ಯೋಜನೆಯಲ್ಲಿ ಹೊಸ ಅಲೆತಡೆಗೋಡೆ ಕಟ್ಟಿ ಬಂದರು ದೊಡ್ಡದು ಮಾಡಲು 2020ರ ಜನವರಿಯಲ್ಲಿ ಕೆಲಸ ಶುರುವಾದಾಗ ಮೀನುಗಾರರು ಬೀದಿಗಿಳಿದರು. ಹೈಕೋರ್ಟ್ ತಡೆಯಾಜ್ಞೆ ಕೊಟ್ಟಿತು. ಹೊನ್ನಾವರದ ಕಾಸರಕೋಡು ಟೊಂಕದಲ್ಲೂ ಖಾಸಗಿ ಬಂದರಿಗೆ ವರ್ಷಗಳಿಂದ ಇಂಥದ್ದೇ ಜಗಳ. ಅಲ್ಲಿ ಕಡಲಾಮೆಗಳೂ ಮೊಟ್ಟೆ ಇಡುತ್ತವೆ. ಇರುವ ಧಕ್ಕೆಯ ಹೂಳನ್ನೇ ಹೊತ್ತಿಗೆ ಸರಿಯಾಗಿ ತೆಗೆಯದವರು ಹೊಸ ಗೋಡೆ ಕಟ್ಟುತ್ತೇವೆ ಅಂದರೆ ಜನ ನಂಬುವುದು ಕಷ್ಟ ಅಲ್ವಾ?

ಇತ್ತ ಗಣಿಗಳು ಸುಪ್ರೀಂ ಕೋರ್ಟಿನ 2013ರ ತೀರ್ಪಿನ ನಂತರ ಮಿತಿ ಹಾಕಿಕೊಂಡು ಒಂದೊಂದಾಗಿ ತೆರೆದವು. ರಫ್ತಿಗೆ ಸುಪ್ರೀಂ ಕೋರ್ಟ್ ಒಪ್ಪಿದ್ದು 2022ರ ಮೇ 20ರಂದು. ತಮಾಷೆ ನೋಡಿ, ಮರುದಿನವೇ ಕೇಂದ್ರ ಸರ್ಕಾರ ಅದಿರಿನ ರಫ್ತು ಸುಂಕವನ್ನು ಶೇಕಡಾ 50ಕ್ಕೆ ಏರಿಸಿತು. ನವೆಂಬರ್‌ನಲ್ಲಿ ಅದನ್ನು ಇಳಿಸಿದರೂ ಹಳೇ ರಫ್ತಿನ ಕಾಲ ವಾಪಸ್ ಬರಲಿಲ್ಲ. ರಾಜ್ಯದ ಉಕ್ಕಿನ ಕಾರ್ಖಾನೆಗಳಿಗೇ ಅದಿರು ಬೇಕಾಗಿದೆ.

ಈಗಿನ ಸುದ್ದಿ ಅಂಕೋಲಾದ ಕೇಣಿಯದ್ದು. ಬೇಲೆಕೇರಿಯ ಹತ್ತಿರವೇ ದೊಡ್ಡ ಹಡಗು ಬರುವಂಥ ಹೊಸ ಬಂದರು ಕಟ್ಟಲು 2023ರಲ್ಲಿ ಜಲಸಾರಿಗೆ ಮಂಡಳಿ ಜೆಎಸ್‌ಡಬ್ಲ್ಯೂ ಇನ್‌ಫ್ರಾಸ್ಟ್ರಕ್ಚರ್ ಕಂಪನಿಗೆ ಗುತ್ತಿಗೆ ಕೊಟ್ಟಿದೆ. ಹೂಳೆತ್ತುವುದು, ಹಡಗು ಎಳೆಯುವ ಟಗ್ ದೋಣಿ ಇಡುವುದು, ಧಕ್ಕೆ ನೋಡಿಕೊಳ್ಳುವುದು ಎಲ್ಲ ಕಂಪನಿಯ ಪಾಲು. ಮಂಡಳಿಗೆ ಉಳಿಯುವುದು ಪಾಲಿನ ಹಣ ಎಣಿಸುವುದು ಮತ್ತು ಕಣ್ಣಿಡುವುದು. ಕಣ್ಣಿಡುವ ಕೆಲಸಕ್ಕೆ ಎಷ್ಟು ಜನ, ಯಾವ ತೂಕದ ಯಂತ್ರ, ಯಾರ ಗೇಟು ಅನ್ನುವುದನ್ನು ಈಗಲೇ ಕೇಳಬೇಕು. ಕೇಣಿಯ ಮೀನುಗಾರರು ಬೇಡವೇ ಬೇಡ ಅನ್ನುತ್ತಿದ್ದಾರೆ. ಬಂದರಿಗೆ ಬೇಕಾದ ಸರಕು ಇರುವುದು ಘಟ್ಟದ ಮೇಲೆ. ಅದನ್ನು ಇಳಿಸಬೇಕಾದ ಹುಬ್ಬಳ್ಳಿ–ಅಂಕೋಲಾ ರೈಲು ಕಾಡಿನ ತಕರಾರಿನಲ್ಲಿ ಸಿಕ್ಕಿ ದಶಕಗಳೇ ಆದವು.