ಹಳ್ಳಿಯ ಫಿಲ್ಟರ್ ನೀರು: ಘಟಕ ಕಟ್ಟಿದ ಮೇಲೆ ಹೊಣೆ ಯಾರದು?

ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ ಕಡೆಯ ಎಷ್ಟೋ ಹಳ್ಳಿಗಳಲ್ಲಿ ‘ಶುದ್ಧ ಕುಡಿಯುವ ನೀರಿನ ಘಟಕ’ ಎಂದು ಬೋರ್ಡು ಹಾಕಿದ ಪುಟ್ಟ ಕೋಣೆ ಇರುತ್ತದೆ. 2 ರೂಪಾಯಿಯೋ 5 ರೂಪಾಯಿಯೋ ಕಾಯಿನ್ ಹಾಕಿದರೆ 20 ಲೀಟರಿನ ಕ್ಯಾನ್ ತುಂಬುತ್ತದೆ. ಜಾಗ ಮತ್ತು ಬೋರ್‌ವೆಲ್ ನೀರು ಪಂಚಾಯ್ತಿಯದು. ಯಂತ್ರ ಕೂರಿಸಿ ನಡೆಸುವುದು ಬಹಳ ಕಡೆ ಖಾಸಗಿಯವರು. ಸರ್ಕಾರ-ಖಾಸಗಿ ಸಹಭಾಗಿತ್ವ ಅಂದರೆ ನಮಗೆ ಹೆದ್ದಾರಿ, ವಿಮಾನ ನಿಲ್ದಾಣ ನೆನಪಾಗುತ್ತದೆ, ಅಲ್ವಾ? ಹಳ್ಳಿಯವರ ಪಾಲಿಗೆ ಅದು ಈ ಕೋಣೆ.

ಈ ಕೋಣೆ ಯಾಕೆ ಬೇಕಾಯಿತು ಎಂದರೆ ಉತ್ತರ ನೆಲದೊಳಗಿದೆ. ಈ ಭಾಗದ ಗ್ರಾನೈಟ್ ಬಂಡೆಗಳಲ್ಲಿ ಫ್ಲೋರೈಡ್ ಇರುವ ಖನಿಜಗಳಿವೆ. ನೀರು ಬಂಡೆಯ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತಷ್ಟೂ ಅವು ಜಾಸ್ತಿ ಕರಗುತ್ತವೆ. ಸಾಮಾನ್ಯವಾಗಿ ನೀರಿನಲ್ಲಿರುವ ಕ್ಯಾಲ್ಸಿಯಂ, ಫ್ಲೋರೈಡ್ ಜೊತೆ ಸೇರಿ ಗಟ್ಟಿಯಾಗಿ, ಅದನ್ನು ಸ್ವಲ್ಪ ಮಟ್ಟಿಗೆ ನೀರಿನಿಂದ ಹೊರಹಾಕುತ್ತದೆ. ಆದರೆ ಇಲ್ಲಿ ಆಳದ ನೀರಿನಲ್ಲಿ ಬೈಕಾರ್ಬೊನೇಟ್ ಜಾಸ್ತಿ, ಕ್ಯಾಲ್ಸಿಯಂ ಕಡಿಮೆ. ಹಾಗಾಗಿ ಫ್ಲೋರೈಡ್ ನೀರಿನಲ್ಲೇ ಉಳಿಯುತ್ತದೆ. ತೆರೆದ ಬಾವಿಗಳು ಬತ್ತಿ, ಬೋರ್‌ವೆಲ್ ಸಾವಿರ ಅಡಿ ದಾಟಿದ ಮೇಲೆ ಜನ ಕುಡಿಯುತ್ತಿರುವುದು ಇಂಥ ಹಳೆಯ ನೀರನ್ನೇ.

ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಒಪ್ಪಬಹುದು. ಅದಕ್ಕಿಂತ ಜಾಸ್ತಿ ಇರುವ ನೀರನ್ನು ಚಿಕ್ಕಂದಿನಿಂದ ಕುಡಿದ ಮಕ್ಕಳ ಹಲ್ಲಿನ ಮೇಲೆ ಬಿಳಿ ಇಲ್ಲವೇ ಕಂದು ಕಲೆ ಬರಬಹುದು. ಆ ಕಲೆ ಉಜ್ಜಿದರೆ ಹೋಗುವುದಲ್ಲ. ಪ್ರಮಾಣ ಇನ್ನೂ ಹೆಚ್ಚಾಗಿ, ವರ್ಷಗಳು ಕಳೆದರೆ ಕೀಲು ಬಿಗಿಯುತ್ತದೆ, ಬೆನ್ನು ಬಾಗುತ್ತದೆ. ನಮ್ಮ ದೇಶದಲ್ಲಿ ವೈದ್ಯರು ಇದನ್ನು ಮೊದಲು ದಾಖಲಿಸಿದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ. ಒಂದು ಮಾತು ಇಲ್ಲೇ ಹೇಳಬೇಕು: ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ, ಉಳಿದ ನೀರಿನಲ್ಲಿ ಅದರ ಪ್ರಮಾಣ ಇನ್ನಷ್ಟು ಜಾಸ್ತಿಯಾಗುತ್ತದೆ, ಅಷ್ಟೇ.

ಘಟಕದೊಳಗೆ ಇರುವುದು ಆರ್‌ಒ (ರಿವರ್ಸ್ ಆಸ್ಮೋಸಿಸ್) ಯಂತ್ರ. ಜೋರಾದ ಪಂಪು ನೀರನ್ನು ಮೆಂಬ್ರೇನ್ ಎಂಬ ತೆಳುವಾದ ಪೊರೆಯ ಮೂಲಕ ಒತ್ತುತ್ತದೆ. ನೀರು ದಾಟುತ್ತದೆ, ಲವಣಗಳ ಬಹುಪಾಲು ಈಚೆಯೇ ಉಳಿಯುತ್ತದೆ. ಫ್ಲೋರೈಡ್ ಕೂಡ ಹಾಗೆಯೇ. ಹೊಸದರಲ್ಲಿ ಇದು ತುಂಬಾ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ನೀರಿನ ಲವಣಗಳು ಮೆಂಬ್ರೇನ್ ಮೇಲೆ ಕೂರುತ್ತವೆ, ಸೂಕ್ಷ್ಮಜೀವಿಗಳ ಪದರ ಬೆಳೆಯುತ್ತದೆ. ತೊಳೆಯಬೇಕು. ಕೆಲವು ವರ್ಷಕ್ಕೊಮ್ಮೆ ಬದಲಾಯಿಸಲೇಬೇಕು. ಮೆಂಬ್ರೇನ್ ಹಾಳಾದರೆ ಕ್ಯಾನ್ ಎಂದಿನಂತೆ ತುಂಬುತ್ತಲೇ ಇರುತ್ತದೆ, ನೀರು ಕಣ್ಣಿಗೆ ಸ್ವಚ್ಛವಾಗಿಯೇ ಕಾಣುತ್ತದೆ. ಅಪಾಯ ಇರುವುದು ಅಲ್ಲಿ.

ಹಾಗಾಗಿ ಈ ಸಹಭಾಗಿತ್ವದ ಜೀವ ಇರುವುದು ಘಟಕ ಕಟ್ಟುವುದರಲ್ಲಲ್ಲ, ನಿರ್ವಹಣೆಯ ಕರಾರಿನಲ್ಲಿ. ‘ಇಷ್ಟು ಘಟಕ ಕೂರಿಸಿದರೆ ಇಷ್ಟು ಹಣ’ ಎಂದು ಬರೆದರೆ ಉದ್ಘಾಟನೆಯ ದಿನಕ್ಕೇ ಆಸಕ್ತಿ ಮುಗಿಯುತ್ತದೆ. ಕ್ಯಾನಿಗೆ ಸಿಗುವ ನಾಲ್ಕಾರು ರೂಪಾಯಿಯಲ್ಲಿ ಆಪರೇಟರ್ ಸಂಬಳ, ರಿಪೇರಿ, ಹೊಸ ಮೆಂಬ್ರೇನ್ ಎಲ್ಲ ಬರಬೇಕು. ಚಿಕ್ಕ ಹಳ್ಳಿಯಲ್ಲಿ ಅದು ಗಿಟ್ಟುವುದಿಲ್ಲ. ಗಿಟ್ಟದ ಕಡೆ ಉಳಿದ ಹಣವನ್ನು ಸರ್ಕಾರವೇ ತುಂಬಿಕೊಡಬೇಕು. ಆದರೆ ಹೊರಬರುವ ನೀರು ಪರೀಕ್ಷೆಯಲ್ಲಿ ಪಾಸಾದರೆ ಮಾತ್ರ.

ಪರೀಕ್ಷೆ ಎಂದರೆ ಟಿಡಿಎಸ್ ಮೀಟರ್ ಅದ್ದಿ ತೋರಿಸುವುದಲ್ಲ. ಅದು ಕರಗಿದ ಲವಣಗಳ ಒಟ್ಟು ಅಂದಾಜು ಕೊಡುತ್ತದೆ. ಅದರಲ್ಲಿ ಫ್ಲೋರೈಡ್ ಎಷ್ಟು ಎಂದು ಹೇಳುವುದಿಲ್ಲ. ಅದಕ್ಕೆ ಬೇರೆಯೇ ಕಿಟ್ ಇದೆ. 2019ರ ಆಗಸ್ಟ್ 15ರಂದು ಘೋಷಣೆಯಾದ ಕೇಂದ್ರ ಸರ್ಕಾರದ ಜಲ ಜೀವನ್ ಮಿಷನ್, ಪ್ರತಿ ಹಳ್ಳಿಯ 5 ಮಹಿಳೆಯರಿಗೆ ನೀರಿನ ಪರೀಕ್ಷೆ ಕಲಿಸಬೇಕು ಎನ್ನುತ್ತದೆ. ಘಟಕದ ನೀರನ್ನು ತಿಂಗಳಿಗೊಮ್ಮೆ ಇದೇ ಮಹಿಳೆಯರು ಪರೀಕ್ಷಿಸಿ, ಫಲಿತಾಂಶವನ್ನು ಕಾಯಿನ್ ಹಾಕುವ ಜಾಗದ ಪಕ್ಕದಲ್ಲೇ ಬರೆಯುವಂತಾಗಬೇಕು. ಕಂಪನಿಯ ಬಿಲ್ಲು ಪಾಸಾಗುವ ಮುಂಚೆ ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಆ ಲೆಕ್ಕವನ್ನು ನೋಡಬೇಕು.

ಕರಾರುಗಳಲ್ಲಿ ಸುಲಭವಾಗಿ ಮರೆತುಹೋಗುವ ಇನ್ನೊಂದು ವಿಷಯ ವೇಸ್ಟ್ ನೀರು, ಅಂದರೆ ಮೆಂಬ್ರೇನ್ ದಾಟದೆ ಲವಣಗಳ ಜೊತೆ ಹೊರಬೀಳುವ ನೀರು. ಲೀಟರಿಗೆ 3 ಮಿಲಿಗ್ರಾಂ ಫ್ಲೋರೈಡ್ ಇರುವ 1000 ಲೀಟರ್ ನೀರು ಹಾಕಿದಿರಿ, ಅರ್ಧ ಶುದ್ಧವಾಗಿ ಬಂತು ಎನ್ನೋಣ. ಉಳಿದ 500 ಲೀಟರಿನಲ್ಲಿ ಫ್ಲೋರೈಡ್ ಲೀಟರಿಗೆ ಹತ್ತಿರ ಹತ್ತಿರ 6 ಮಿಲಿಗ್ರಾಂ ಆಗಿರುತ್ತದೆ. ಅದನ್ನು ಸುಮ್ನೆ ಚರಂಡಿಗೆ ಬಿಟ್ಟರೆ ಊರಿನ ದನ ಕುಡಿಯುತ್ತವೆ, ಉಳಿದದ್ದು ನೆಲಕ್ಕೆ ಇಂಗುತ್ತದೆ. ಶೌಚಾಲಯದ ಗುಂಡಿ ಮತ್ತು ಚರಂಡಿಯಿಂದ ನೈಟ್ರೇಟ್ ಎಂಬ ಇನ್ನೊಂದು ಹಾನಿಕಾರಕ ಲವಣ ಇಳಿಯುವುದೂ ಇದೇ ನೆಲಕ್ಕೆ. ನೀರಿನ ಕರಾರು ಒಂದು ಇಲಾಖೆಯಲ್ಲಿ, ನೈರ್ಮಲ್ಯದ ಲೆಕ್ಕ ಇನ್ನೊಂದು ಫೈಲಿನಲ್ಲಿ ಇದ್ದರೆ ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ಶೌಚಾಲಯ ಸ್ವಚ್ಛಗೊಳಿಸಲು, ನೆಲ ತೊಳೆಯಲು ಆ ನೀರನ್ನು ಬಳಸಬಹುದು. ಅದಕ್ಕೊಂದು ಪ್ರತ್ಯೇಕ ಟ್ಯಾಂಕ್ ಕಟ್ಟುವ ಖರ್ಚನ್ನು ಮೊದಲ ದಿನವೇ ಕರಾರಿಗೆ ಸೇರಿಸಬೇಕು.

ಬಹುಗ್ರಾಮ ಯೋಜನೆಗಳ ಮೂಲಕ ನದಿ ನೀರು ಬಂದ ಹಳ್ಳಿಗಳ ಲೆಕ್ಕ ಬೇರೆ. ನದಿ ನೀರಿನಲ್ಲಿ ಸಾಮಾನ್ಯವಾಗಿ ಫ್ಲೋರೈಡ್ ಕಡಿಮೆ. ಅಲ್ಲಿ ಬೇಕಿರುವುದು ಆರ್‌ಒ ಅಲ್ಲ, ಚೆನ್ನಾಗಿ ಸೋಸುವುದು ಮತ್ತು ಕೊನೆಯ ನಲ್ಲಿಯಲ್ಲೂ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿಯುವಂತೆ ನೋಡಿಕೊಳ್ಳುವುದು. ಅಂಥ ಊರಿನಲ್ಲಿ ಕಂಪನಿಯ ಕರಾರು ಮುಗಿದಾಗ ಹೊಸ ಮೆಂಬ್ರೇನಿಗೆ ದುಡ್ಡು ಹಾಕುವ ಬದಲು ಪೈಪುಗಳ ಸೋರಿಕೆ ಸರಿಪಡಿಸುವ, ಕ್ಲೋರಿನ್ ಅಳೆಯುವ ಕೆಲಸವನ್ನು ಅವರಿಗೇ ಒಪ್ಪಿಸಬಹುದು.